ಹಳೆಯ .22 ಪಿಸ್ತೂಲಿಗೆ ಯಾವ ತೋಟೆ ಹಾಕಬೇಕು?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕೋವಿ ಯಾರಿಗೂ ಹೊಸದಲ್ಲ. ಹಂದಿ ಕಾಟ, ಮಂಗನ ಕಾಟ ಅಂತ ಬೆಳೆ ರಕ್ಷಣೆಗೆ ಲೈಸೆನ್ಸ್ ಮಾಡಿಸಿಕೊಂಡ ಮನೆಗಳು ಎಲ್ಲಾ ಊರಲ್ಲೂ ಇವೆ. ಕೇಪು ಕೋವಿ, ಒಂಟಿ ನಳಿಗೆ, ಜೋಡು ನಳಿಗೆ. ಇವುಗಳ ಜೊತೆ ಬೆಳೆದವರಿಗೆ ತೋಟೆ ಆರಿಸುವುದು ಒಂದು ವಿಷಯವೇ ಅಲ್ಲ. 12 ಬೋರ್ ಅಂದರೆ 12 ಬೋರ್. ಚರೆ ಎಷ್ಟು ದಪ್ಪ ಬೇಕು ಅಂತ ಹೇಳಿ ತಂದರೆ ಮುಗಿಯಿತು.

ಇದೇ ಲೆಕ್ಕವನ್ನು ಗುರಿ ಹೊಡೆಯುವ ಹಳೆಯ .22 ಪಿಸ್ತೂಲಿಗೂ ಹಾಕಿದರೆ ಕೆಲಸ ಕೆಡುತ್ತದೆ. ಶಿವಮೊಗ್ಗದ ಕಡೆಯಿಂದ ಪಿಸ್ತೂಲು ಶೂಟಿಂಗ್ ಕಲಿಯಲು ಹೊರಟ ಹುಡುಗರು ನನ್ನನ್ನು ಕೇಳುವ ಮೊದಲ ಪ್ರಶ್ನೆಯೇ ಇದು: "ಪಿಸ್ತೂಲು ಒಳ್ಳೆಯದೇ, ಆದರೆ ಐದು ಈಡಿಗೆ ಎರಡು ಸಲ ಸಿಕ್ಕಿಹಾಕಿಕೊಳ್ಳುತ್ತದೆ, ಜೋರಾದ ತೋಟೆ ಹಾಕಲಾ?" ನನ್ನ ಉತ್ತರ ಸಾಮಾನ್ಯವಾಗಿ ಉಲ್ಟಾ ಇರುತ್ತದೆ. ಹಳೆಯ ಗುರಿ ಪಿಸ್ತೂಲಿಗೆ ಬೇಕಾದ್ದು ಜೋರಾದ ತೋಟೆಯಲ್ಲ. ಅದನ್ನು ಕಟ್ಟಿದವರು ಯಾವ ತೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರೋ ಅದು. ಅಂಥ ತೋಟೆ ಬಹುಪಾಲು ನಿಧಾನದ್ದೇ ಆಗಿರುತ್ತದೆ.

ಜೋಡು ನಳಿಗೆ ಕೋವಿಯಲ್ಲಿ ತೋಟೆಯ ಕೆಲಸ ಒಂದೇ, ಚರೆಯನ್ನು ಮುಂದಕ್ಕೆ ತಳ್ಳುವುದು. ಖಾಲಿ ತೋಟೆ ತೆಗೆಯುವುದು, ಹೊಸದು ತುಂಬುವುದು ಎಲ್ಲಾ ನಮ್ಮ ಕೈ ಕೆಲಸ. ತೋಟೆ ಸ್ವಲ್ಪ ಮೆತ್ತಗಿದ್ದರೂ ಕೋವಿ ನಿಲ್ಲುವುದಿಲ್ಲ. ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನಲ್ಲಿ ಈ ಕೈ ಕೆಲಸವನ್ನೂ ತೋಟೆಯೇ ಮಾಡಬೇಕು. ಗುಂಡು ಮುಂದೆ ಹೋಗುವಾಗ ಅದೇ ಒತ್ತಡ ಖಾಲಿ ಕೇಸನ್ನು, ಅಂದರೆ ತೋಟೆಯ ಹಿತ್ತಾಳೆ ಕವಚವನ್ನು, ಹಿಂದಕ್ಕೆ ತಳ್ಳುತ್ತದೆ. ಕೇಸು ಸ್ಲೈಡನ್ನು, ಅಂದರೆ ಪಿಸ್ತೂಲಿನಲ್ಲಿ ಹಿಂದೆ ಮುಂದೆ ಜಾರುವ ಭಾಗವನ್ನು, ತಳ್ಳುತ್ತದೆ. ಸ್ಲೈಡ್ ಹಿಂದೆ ಹೋಗುತ್ತಾ ಖಾಲಿ ಕೇಸನ್ನು ಹೊರಗೆಸೆಯುತ್ತದೆ, ಹ್ಯಾಮರನ್ನು ಎತ್ತಿ ನಿಲ್ಲಿಸುತ್ತದೆ, ಸ್ಪ್ರಿಂಗನ್ನು ಒತ್ತುತ್ತದೆ. ಸ್ಪ್ರಿಂಗ್ ಅದನ್ನು ವಾಪಸ್ ತಳ್ಳುವಾಗ ತೋಟೆ ತುಂಬಿಟ್ಟ ಮ್ಯಾಗಜೀನಿನಿಂದ ಹೊಸ ತೋಟೆ ಚೇಂಬರಿಗೆ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಗೂಡಿಗೆ, ಹೋಗುತ್ತದೆ. ಇದಕ್ಕೆ ಬ್ಲೋಬ್ಯಾಕ್ ಅನ್ನುತ್ತಾರೆ. .22 ಗುರಿ ಪಿಸ್ತೂಲುಗಳು ಹೆಚ್ಚುಕಮ್ಮಿ ಎಲ್ಲವೂ ಹೀಗೇ ನಡೆಯುವುದು. ಬೀಗ ಹಾಕಿ ಹಿಡಿಯುವ ಯಾವ ಏರ್ಪಾಟೂ ಇಲ್ಲ. ಸ್ಲೈಡಿನ ತೂಕ, ಸ್ಪ್ರಿಂಗಿನ ಬಿಗಿ, ತೋಟೆಯ ಹೊಡೆತ, ಈ ಮೂರು ಹೊಂದಿಕೊಂಡರೆ ಸರಿ.

ಮಕ್ಕಳನ್ನು ಜೋಕಾಲಿಯಲ್ಲಿ ತೂಗಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೆಲ್ಲಗೆ ತಳ್ಳಿದರೆ ಜೋಕಾಲಿ ಅರ್ಧಕ್ಕೇ ವಾಪಸ್ ಬರುತ್ತದೆ, ಜೋರಾಗಿ ತಳ್ಳಿದರೆ ಹಗ್ಗ ಜಗ್ಗಿ ಕೊಂಬೆಯೇ ಅಲುಗುತ್ತದೆ. ತೋಟೆ ಮೆತ್ತಗಾದರೆ ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ. ಖಾಲಿ ಕೇಸು ಹೊರಗೆ ಬೀಳದೆ ಕಿಂಡಿಯಲ್ಲೇ ನೆಟ್ಟಗೆ ನಿಂತುಬಿಡುತ್ತದೆ. ಅಥವಾ ಕೇಸು ಹೊರಗೆ ಬಿದ್ದರೂ ಮುಂದಿನ ತೋಟೆಯನ್ನು ಹಿಡಿಯುವಷ್ಟು ಹಿಂದೆ ಸ್ಲೈಡ್ ಹೋಗಿರುವುದಿಲ್ಲ, ಖಾಲಿ ಚೇಂಬರ್ ಮೇಲೆ ಮುಚ್ಚಿಕೊಳ್ಳುತ್ತದೆ. ತೋಟೆ ಜೋರಾದರೆ ಸ್ಲೈಡ್ ಹಿಂದೆ ಹೋಗಿ ಚೌಕಟ್ಟಿಗೆ ಬಡಿಯುತ್ತದೆ. ಅಷ್ಟೇ ಅಲ್ಲ, ಬೇಗ ವಾಪಸ್ ಬಂದುಬಿಡುತ್ತದೆ. ಮ್ಯಾಗಜೀನಿನ ಸ್ಪ್ರಿಂಗ್ ಮುಂದಿನ ತೋಟೆಯನ್ನು ಮೇಲಕ್ಕೆ ಎತ್ತುವಷ್ಟು ಸಮಯ ಸಿಗುವುದಿಲ್ಲ. ಆಗಲೂ ಜಾಮ್. ನೋಡುವವರಿಗೆ ಎರಡೂ ಒಂದೇ ತರ ಕಾಣುತ್ತವೆ. ಹೀಗಾಗಿಯೇ ಜನ ಮೆತ್ತಗಿನ ತೋಟೆ ಅಂದುಕೊಂಡು ಇನ್ನೂ ಜೋರಿನದ್ದು ಹಾಕಿ ಪಿಸ್ತೂಲು ಹಾಳುಮಾಡಿಕೊಳ್ಳುತ್ತಾರೆ.

ಖಾಲಿ ಕೇಸು ಎಲ್ಲಿ ಬೀಳುತ್ತದೆ ಅನ್ನುವುದನ್ನು ನೋಡಿ. ಒಂದೇ ಕಡೆ, ಒಂದೆರಡು ಮೀಟರ್ ದೂರದಲ್ಲಿ ಗುಡ್ಡೆಯಾಗಿ ಬಿದ್ದರೆ ತೋಟೆ ಮತ್ತು ಸ್ಪ್ರಿಂಗ್ ಹೊಂದಿಕೊಂಡಿವೆ ಅಂತ ತಿಳಿಯಬಹುದು. ಕಾಲಬುಡದಲ್ಲೇ ಬಿದ್ದರೆ ಶಕ್ತಿ ಸಾಲದು. ಪಕ್ಕದ ಲೇನಿನವರ ತಲೆ ದಾಟಿ ಹೋದರೆ ಜಾಸ್ತಿಯಾಯಿತು, ಇಲ್ಲವೇ ಸ್ಪ್ರಿಂಗ್ ಸೋತಿದೆ.

ಈಗ ತೋಟೆಯ ಬಗ್ಗೆ. .22 ಲಾಂಗ್ ರೈಫಲ್ ತೋಟೆ 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿಯಿಂದ ಬಂದದ್ದು. ಹೆಸರಲ್ಲಿ ರೈಫಲ್ ಇದ್ದರೂ ಪಿಸ್ತೂಲಿಗೂ ಅದೇ. ಗುಂಡಿನ ಮಾಮೂಲಿ ತೂಕ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಬರೀ ಸೀಸ, ಮೇಲೆ ಮೇಣದ ಲೇಪ. ವೇಗದ ಮೇಲೆ ಅವುಗಳನ್ನು ಬೇರೆ ಬೇರೆ ಮಾಡಿ ಮಾರುತ್ತಾರೆ. ಸ್ಟ್ಯಾಂಡರ್ಡ್ ವೆಲಾಸಿಟಿ ಅಂದರೆ ಸೆಕೆಂಡಿಗೆ ಹೆಚ್ಚುಕಮ್ಮಿ 320ರಿಂದ 330 ಮೀಟರ್, ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ. ಹೈ ವೆಲಾಸಿಟಿ ಅಂದರೆ 370ರ ಆಸುಪಾಸು. ಇದರ ಮೇಲೆ ಸಿಸಿಐ ಸ್ಟಿಂಗರ್‌ನಂಥವು ಇವೆ. ಅದರಲ್ಲಿ 32 ಗ್ರೇನಿನ ಹಗುರ ಗುಂಡು, ವೇಗ 500 ಮೀಟರ್. ಡಬ್ಬಿಯ ಮೇಲಿನ ಈ ಅಂಕಿಗಳು ಉದ್ದ ನಳಿಗೆಯ ರೈಫಲಿನಲ್ಲಿ ಅಳೆದದ್ದು. ಗುರಿ ಪಿಸ್ತೂಲಿನ ನಳಿಗೆ ಅದಕ್ಕಿಂತ ಎಷ್ಟೋ ಗಿಡ್ಡ, ಹೆಚ್ಚಾಗಿ 15 ಸೆಂಟಿಮೀಟರಿನ ಆಸುಪಾಸು. ಅದರಲ್ಲಿ ವೇಗ ಇನ್ನೂ ಇಳಿಯುತ್ತದೆ.

330ಕ್ಕೂ 370ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಸ್ಲೈಡಿನ ಕಡೆಯಿಂದ ನೋಡಿದರೆ ವ್ಯತ್ಯಾಸ ಇದೆ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಂತ ಹೈಸ್ಕೂಲಿನಲ್ಲಿ ಓದಿದ್ದೇವೆ, ಅಲ್ವಾ? ಸ್ಲೈಡಿನ ವೇಗ ಶೇ. 10 ಹೆಚ್ಚಿದರೆ ಅದು ಚೌಕಟ್ಟಿಗೆ ಬಡಿಯುವ ಶಕ್ತಿ ಶೇ. 21 ಹೆಚ್ಚುತ್ತದೆ. ಅದರಲ್ಲಿ ಒಂದಿಷ್ಟನ್ನು ಸ್ಪ್ರಿಂಗ್ ನುಂಗುತ್ತದೆ. ಆದರೆ ಆ ಸ್ಪ್ರಿಂಗಿಗೇ ಐವತ್ತು ವರ್ಷ ವಯಸ್ಸಾಗಿದ್ದರೆ? ಉಳಿದದ್ದೆಲ್ಲಾ ಹಳೆಯ ಉಕ್ಕಿನ ಮೇಲೆ ಬೀಳುತ್ತದೆ. ಒಂದು ದಿನಕ್ಕೆ ಗೊತ್ತಾಗುವುದಿಲ್ಲ. ಸಾವಿರಾರು ಈಡು ಆದ ಮೇಲೆ ಚೌಕಟ್ಟಿನಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತದೆ.

ನಮ್ಮಲ್ಲಿ ಹೊರದೇಶದ ಹೊಸ ಪಿಸ್ತೂಲು ಎಲ್ಲರಿಗೂ ಸಲೀಸಾಗಿ ಸಿಗುವುದಿಲ್ಲ. ಹಾಗಾಗಿ ಹಳೆಯ ಶೂಟರ್‌ಗಳಿಂದ ಲೈಸೆನ್ಸ್ ಮೂಲಕ ಕೈಬದಲಾದ ಪಿಸ್ತೂಲುಗಳೇ ಕಲಿಯುವವರ ಕೈಗೆ ಹೆಚ್ಚಾಗಿ ಬರುತ್ತವೆ. ಸ್ವಿಟ್ಜರ್ಲೆಂಡಿನ ಹೆಮ್ಮರ್ಲಿ 208, ಜರ್ಮನಿಯ ವಾಲ್ಥರ್ ಜಿಎಸ್‌ಪಿ, ಅಮೆರಿಕದ ಸ್ಮಿತ್ ಆಂಡ್ ವೆಸನ್ ಮಾಡೆಲ್ 41 ಮತ್ತು ಹೈ ಸ್ಟ್ಯಾಂಡರ್ಡ್, ಫ್ರಾನ್ಸಿನ ಯುನೀಕ್ ಡೆಸ್ 69, ರಷ್ಯಾದ ಮಾರ್ಗೋಲಿನ್ ಮತ್ತು ಇಜ್ 35. (ಮಾರ್ಗೋಲಿನ್ ಪಿಸ್ತೂಲನ್ನು ರೂಪಿಸಿದ ಮಿಖಾಯಿಲ್ ಮಾರ್ಗೋಲಿನ್ ಕಣ್ಣು ಕಾಣದವರು. ಬೆರಳ ಸ್ಪರ್ಶದಲ್ಲೇ ಭಾಗಗಳನ್ನು ತಿದ್ದಿದವರು. ಈ ಲೇಖನಕ್ಕೆ ಇದು ಬೇಕಿಲ್ಲ, ಆದರೂ ಹೇಳದೆ ಇರಲು ಮನಸ್ಸಾಗಲಿಲ್ಲ.) ಇವೆಲ್ಲವೂ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟೆಯನ್ನು ಲೆಕ್ಕಕ್ಕಿಟ್ಟುಕೊಂಡು ಮಾಡಿದವು. ಪಂದ್ಯದಲ್ಲಿ ಒದೆತ ಕಡಿಮೆ ಇರಲಿ, ಗುರಿ ಬೇಗ ವಾಪಸ್ ಬರಲಿ ಅಂತ ಸ್ಪ್ರಿಂಗುಗಳನ್ನು ಮೆದುವಾಗಿಯೇ ಇಟ್ಟಿರುತ್ತಾರೆ. ಮಾಡೆಲ್ 41ಕ್ಕೆ 40 ಗ್ರೇನಿನ ಸ್ಟ್ಯಾಂಡರ್ಡ್ ವೆಲಾಸಿಟಿಯೇ ಸರಿ ಅನ್ನುವುದು ಅದನ್ನು ಬಲ್ಲವರೆಲ್ಲರ ಮಾತು. ಹೈ ಸ್ಟ್ಯಾಂಡರ್ಡ್‌ನ ಹಳೆಯ ಚೌಕಟ್ಟುಗಳು ಜೋರು ತೋಟೆಗೆ ಬಿರುಕು ಬಿಡುವುದು ಸಂಗ್ರಹಕಾರರ ನಡುವೆ ಎಲ್ಲರಿಗೂ ಗೊತ್ತಿರುವ ವಿಷಯ.

ಅಮೆರಿಕದ ಕೋಲ್ಟ್ ಕಂಪನಿಯ ವುಡ್ಸ್‌ಮನ್ ಪಿಸ್ತೂಲಿನ ಕಥೆ ಇನ್ನೂ ಸ್ಪಷ್ಟ. 1915ರಲ್ಲಿ ಬಂದಾಗ ಹೈ ವೆಲಾಸಿಟಿ ತೋಟೆ ಇನ್ನೂ ಇರಲಿಲ್ಲ. ಅಂಥ ತೋಟೆ ಪೇಟೆಗೆ ಬಂದ ಮೇಲೆ ಕಂಪನಿ 1932ರಲ್ಲಿ ಹಿಂಬದಿಯ ಹೌಸಿಂಗನ್ನೇ (ಸ್ಪ್ರಿಂಗಿನ ಗೂಡು) ಗಟ್ಟಿ ಮಾಡಿ ಬದಲಿಸಿತು. ಅದಕ್ಕಿಂತ ಮುಂಚಿನ ವುಡ್ಸ್‌ಮನ್‌ಗೆ ಜೋರು ತೋಟೆ ಹಾಕುವಂತೆಯೇ ಇಲ್ಲ. ತಯಾರಕರೇ ಎರಡು ತೋಟೆಗೆ ಎರಡು ತರ ಕಟ್ಟಿದರು ಅಂದರೆ, ನಾವು ಡಬ್ಬಿ ನೋಡದೆ ತುಂಬುವುದು ಎಷ್ಟು ಸರಿ?

ವೇಗಕ್ಕಿಂತ ಮುಂಚೆ ನೋಡಬೇಕಾದ್ದು ನಳಿಗೆಯ ಮೇಲಿನ ಅಕ್ಷರ. ಒಲಿಂಪಿಕ್ಸ್‌ನ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆ ಗೊತ್ತಲ್ಲ, 2012ರಲ್ಲಿ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು. ಅದರಲ್ಲಿ 2004ರವರೆಗೂ .22 ಶಾರ್ಟ್ ಅನ್ನುವ ಗಿಡ್ಡ ತೋಟೆಯನ್ನೇ ಬಳಸುತ್ತಿದ್ದರು. ನಿಯಮ ಬದಲಾಗಿ ಲಾಂಗ್ ರೈಫಲ್ ಬಂದಿತು. ಆ ಕಾಲದ ವಾಲ್ಥರ್ ಒಎಸ್‌ಪಿಯಂಥ ಪಿಸ್ತೂಲುಗಳು ಈಗ ಅಗ್ಗಕ್ಕೆ ಸಿಗಬಹುದು. ನೋಡಲು ಜಿಎಸ್‌ಪಿಯ ಅಣ್ಣತಮ್ಮನಂತೆ ಇರುತ್ತವೆ. ಆದರೆ ಅವು ಗಿಡ್ಡ ತೋಟೆಯವು. ಅದರೊಳಗೆ ಲಾಂಗ್ ರೈಫಲ್ ತೋಟೆ ತುರುಕಲು ಹೋಗಬಾರದು. ತದ್ವಿರುದ್ಧವಾಗಿ, ಲಾಂಗ್ ರೈಫಲ್ ಚೇಂಬರಿನಲ್ಲಿ ಶಾರ್ಟ್ ತೋಟೆ ಸಿಡಿಯುತ್ತದೆ. ಆದರೆ ಸೆಮಿ ಆಟೋ ನಡೆಯುವುದಿಲ್ಲ, ಚೇಂಬರಿನೊಳಗೆ ಗಿಡ್ಡ ಕೇಸಿನ ಮುಂದೆ ಕರಿಯ ಉಂಗುರ ಕಟ್ಟುತ್ತದೆ. ಆಮೇಲೆ ಉದ್ದದ ಕೇಸು ಅಲ್ಲಿಯೇ ಅಂಟಿಕೊಳ್ಳುತ್ತದೆ. ಖರೀದಿಗೆ ಮುಂಚೆ ನಳಿಗೆಯ ಪಕ್ಕದ ಬರಹ ಓದಿ. ಲೈಸೆನ್ಸಿನಲ್ಲಿ ಬರೀ ".22" ಅಂತ ಇದ್ದರೆ ಅದನ್ನು ನಂಬಿ ಕೂರಬೇಡಿ.

ಸ್ಟಿಂಗರ್ ಬಗ್ಗೆ ಇನ್ನೊಂದು ಮಾತು. ಅದರ ಕೇಸು ಮಾಮೂಲಿಗಿಂತ ಸ್ವಲ್ಪ ಉದ್ದ. ಗುರಿ ಪಿಸ್ತೂಲುಗಳ ಬಿಗಿ ಚೇಂಬರಿಗೆ ಅದು ತಕ್ಕದ್ದಲ್ಲ. ಇನ್ನೊಂದು ತುದಿಯಲ್ಲಿ ಸದ್ದು ಕಡಿಮೆ ಮಾಡುವ ಮೆತ್ತನೆ ತೋಟೆಗಳಿವೆ. ಸಿಸಿಐ ಕ್ವಯಟ್‌ನ ವೇಗ 216 ಮೀಟರ್ ಮಾತ್ರ. ಸೆಮಿ ಆಟೋ ಪಿಸ್ತೂಲಿನ ಸ್ಲೈಡನ್ನು ಅದು ಪೂರ್ತಿ ತಳ್ಳುವುದಿಲ್ಲ. ಎರಡನ್ನೂ ಪಕ್ಕಕ್ಕಿಡಿ.

ಸಿಡಿಯದಿದ್ದರೆ ಯಾರ ತಪ್ಪು?

ಜಾಮ್ ಒಂದು ತಲೆನೋವು, ಸಿಡಿಯದಿರುವುದು ಇನ್ನೊಂದು. 12 ಬೋರ್ ತೋಟೆಯ ಹಿಂಬದಿ ನಡುವಿನಲ್ಲಿ ಕೇಪು ಇರುತ್ತದೆ. .22ರಲ್ಲಿ ಬೇರೆ ಕೇಪು ಇಲ್ಲ. ಕೇಸಿನ ತಳದ ಅಂಚು ಒಳಗೆ ಟೊಳ್ಳು. ಕಾರ್ಖಾನೆಯಲ್ಲಿ ಸಿಡಿಯುವ ರಾಸಾಯನಿಕವನ್ನು ಹಸಿಯಾಗಿರುವಾಗಲೇ ಕೇಸಿಗೆ ಹಾಕಿ ಗಿರ್ರನೆ ತಿರುಗಿಸುತ್ತಾರೆ. ಅದು ಅಂಚಿನ ಸುತ್ತ ಹರಡಿಕೊಳ್ಳುತ್ತದೆ. ಪಿಸ್ತೂಲಿನ ಫೈರಿಂಗ್ ಪಿನ್ ಆ ಅಂಚಿನ ಒಂದೇ ಒಂದು ಜಾಗಕ್ಕೆ ಹೊಡೆಯುತ್ತದೆ. ಆ ಜಾಗದಲ್ಲಿ ರಾಸಾಯನಿಕ ಸರಿಯಾಗಿ ಹರಡಿಲ್ಲದಿದ್ದರೆ ಟಿಕ್ ಅಂತ ಸದ್ದು ಮಾತ್ರ. ಆದ್ದರಿಂದ ಹೀಗೆ ಅಂಚಿಗೆ ಪೆಟ್ಟು ಬೀಳುವ ರಿಮ್‌ಫೈರ್‌ನಲ್ಲಿ, ನಡುವೆ ಕೇಪಿರುವ ಸೆಂಟರ್‌ಫೈರ್‌ಗಿಂತ ಮಿಸ್‌ಫೈರ್ ಜಾಸ್ತಿ. ಒಳ್ಳೆಯ ಕಂಪನಿಗಳ ತೋಟೆಯಲ್ಲಿ ಕಡಿಮೆ ಇರುತ್ತದೆ, ಪೂರ್ತಿ ಇಲ್ಲ ಅಂತೇನಿಲ್ಲ.

ಸಿಡಿಯದಿದ್ದರೆ ಮೊದಲ ಕೆಲಸ ಕೆಲಸವಿಲ್ಲದೆ ನಿಲ್ಲುವುದು. ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು. ಕೆಲವೊಮ್ಮೆ ಕಿಡಿ ತಡವಾಗಿ ಹತ್ತುತ್ತದೆ. ಆಮೇಲೆ ತೋಟೆ ತೆಗೆದು ಅಂಚು ನೋಡಿ. ಪಿನ್ನಿನ ಗುರುತು ಆಳವಾಗಿ, ಚೌಕವಾಗಿ ಮೂಡಿದ್ದರೂ ಸಿಡಿದಿಲ್ಲವೇ? ತೋಟೆಯದ್ದೇ ದೋಷ ಇರಬಹುದು. ಅದನ್ನು ಅರ್ಧ ಸುತ್ತು ತಿರುಗಿಸಿ, ಹೊಸ ಜಾಗಕ್ಕೆ ಪೆಟ್ಟು ಬೀಳುವಂತೆ ಮತ್ತೆ ಹಾಕಿದಾಗ ಸಿಡಿದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಗುರುತು ತೆಳ್ಳಗಿದ್ದರೆ ತೋಟೆಯನ್ನು ಬೈಯಬೇಡಿ. ಹ್ಯಾಮರ್ ಸ್ಪ್ರಿಂಗ್ ಸೋತಿರಬಹುದು. ಪಿನ್ನಿನ ತುದಿ ಸವೆದಿರಬಹುದು. ಪಿನ್ ಓಡಾಡುವ ಕಾಲುವೆಯಲ್ಲಿ ಹಳೆಯ ಎಣ್ಣೆ ಗಟ್ಟಿಯಾಗಿ ಅಂಟಾಗಿರಬಹುದು. ಮಲೆನಾಡಿನಲ್ಲಿ ನಾನು ಅತಿ ಹೆಚ್ಚು ಕಂಡದ್ದು ಈ ಕೊನೆಯದೇ. ಮಳೆಗಾಲಕ್ಕೆ ಹೆದರಿ ಎಣ್ಣೆ ಸುರಿದು ಇಟ್ಟುಬಿಡುತ್ತಾರೆ. ಚುನಾವಣೆ ಹೊತ್ತಿಗೆ ಠಾಣೆಗೆ ಒಪ್ಪಿಸಿ, ತಿಂಗಳುಗಟ್ಟಲೆ ಬಿಟ್ಟು ವಾಪಸ್ ತಂದ ಪಿಸ್ತೂಲನ್ನು ಒರೆಸದೆ ರೇಂಜಿಗೆ ಒಯ್ಯುತ್ತಾರೆ. ಆಮೇಲೆ "ಈ ತೋಟೆ ಸರಿಯಿಲ್ಲ" ಅನ್ನುತ್ತಾರೆ.

ಇನ್ನೊಂದು ಮೋಸದ ಕಾರಣ ಇದೆ. ಪಂದ್ಯದ ಪಿಸ್ತೂಲುಗಳ ಚೇಂಬರ್ ಬಿಗಿ. ತೋಟೆ ಒಳಗೆ ಕೂರುವಾಗ ಗುಂಡಿನ ಮೂತಿ ನಳಿಗೆಯ ಗೆರೆಗಳಿಗೆ ಸ್ವಲ್ಪ ಕಚ್ಚಿಕೊಳ್ಳುತ್ತದೆ. ಗುರಿಯ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ನೂರಾರು ಈಡು ಆದ ಮೇಲೆ ಮೇಣ, ಸೀಸ, ಮಸಿ ಸೇರಿ ಚೇಂಬರಿನ ಬಾಯಲ್ಲಿ ಕಟ್ಟಿಕೊಳ್ಳುತ್ತದೆ. ತೋಟೆ ಒಂದು ಕೂದಲಿನಷ್ಟು ಹೊರಗೆ ನಿಲ್ಲುತ್ತದೆ. ಆಗ ಪಿನ್ನಿನ ಪೆಟ್ಟು ತೋಟೆಯನ್ನು ಒಳಗೆ ತಳ್ಳುವುದಕ್ಕೇ ಖರ್ಚಾಗಿಹೋಗುತ್ತದೆ, ಅಂಚು ಜಜ್ಜುವುದಿಲ್ಲ. ಚೇಂಬರನ್ನು ಬ್ರಷ್‌ನಿಂದ ಚೊಕ್ಕ ಮಾಡಿ ಅದೇ ಡಬ್ಬಿಯ ತೋಟೆ ಹಾಕಿ ನೋಡಿ. ಬಹಳ ಸಲ ಅಲ್ಲಿಗೇ ಸಮಸ್ಯೆ ಮುಗಿಯುತ್ತದೆ.

ಹಳೆಯ ಪಿಸ್ತೂಲು ಕೊಳ್ಳುವಾಗ ಚೇಂಬರಿನ ಅಂಚನ್ನು ಟಾರ್ಚ್ ಬಿಟ್ಟು ನೋಡುವುದೂ ಮುಖ್ಯ. ಖಾಲಿ ಚೇಂಬರ್ ಮೇಲೆ ಸುಮ್ನೆ ಕುದುರೆ ಎಳೆದೆಳೆದು ಅಭ್ಯಾಸ ಮಾಡಿದವರ ಪಿಸ್ತೂಲಿನಲ್ಲಿ ಪಿನ್ ಆ ಅಂಚಿಗೇ ಬಡಿದು ಗುಳಿ ಮಾಡಿರುತ್ತದೆ. ತೋಟೆಯ ಅಂಚಿಗೆ ಮುಂದಿನಿಂದ ಆಸರೆ ಇಲ್ಲದಂತಾಗುತ್ತದೆ. ಪೆಟ್ಟು ಬಿದ್ದರೂ ಜಜ್ಜುವುದಿಲ್ಲ. ಆ ಗುಳಿಯಿಂದ ಎದ್ದ ಮುಳ್ಳು ಕೇಸು ಹೊರಬರುವಾಗ ತಡೆಯುತ್ತದೆ ಕೂಡ. ಯಾವ ದುಬಾರಿ ತೋಟೆಯೂ ಇದನ್ನು ಸರಿಮಾಡುವುದಿಲ್ಲ. ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಹೋಗಬೇಕು.

ಮ್ಯಾಗಜೀನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುಟಿ ಬಾಗಿದೆಯೇ, ಸ್ಪ್ರಿಂಗ್ ಸೋತಿದೆಯೇ ನೋಡಿ. ತುಂಬುವಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಸಿಕ್ಕಿದರೆ ಮುಂದಕ್ಕೆ ಹೋಗುವಾಗ ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಎರಡು ಮ್ಯಾಗಜೀನ್ ಇದ್ದರೆ ಗುರುತು ಹಾಕಿಕೊಳ್ಳಿ. ತೊಂದರೆ ಒಂದರಲ್ಲೇ ಬರುತ್ತಿದ್ದರೆ ತೋಟೆ ಪಾರು.

ದುಬಾರಿಯದೇ ಬೇಕಾ?

ಎಲಿ ಟೆನೆಕ್ಸ್, ಲಾಪುವಾ, ಆರ್‌ಡಬ್ಲ್ಯೂಎಸ್ ಆರ್50. ಹೆಸರು ಕೇಳಿದರೇ ಶೂಟರ್‌ಗಳ ಬಾಯಲ್ಲಿ ನೀರು. ಇವು ಮುಖ್ಯವಾಗಿ 50 ಮೀಟರ್ ರೈಫಲಿಗೆ ಮಾಡಿದ ತೋಟೆಗಳು. ಅಲ್ಲಿ ಹತ್ತರ ಉಂಗುರ 10.4 ಮಿಲಿಮೀಟರ್. ನಮ್ಮ 25 ಮೀಟರ್ ಪ್ರಿಸಿಶನ್ ಗುರಿಯಲ್ಲಿ ಹತ್ತರ ಉಂಗುರ 50 ಮಿಲಿಮೀಟರ್, ರ‍್ಯಾಪಿಡ್ ಫೈರ್ ಗುರಿಯಲ್ಲಿ 100. ಸಾಧಾರಣ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟೆಯೇ ಒಳ್ಳೆಯ ಪಿಸ್ತೂಲಿನಿಂದ 25 ಮೀಟರಿಗೆ ಇದಕ್ಕಿಂತ ಎಷ್ಟೋ ಚಿಕ್ಕ ಜಾಗದಲ್ಲಿ ಗುಂಡುಗಳ ಗುಂಪು ಕೂರಿಸುತ್ತದೆ. ಉಳಿದ ಅಲುಗಾಟವೆಲ್ಲಾ ನಮ್ಮ ಕೈಯದ್ದು. ಮೇಲಾಗಿ ಟೆನೆಕ್ಸ್‌ನ ಮೂತಿ ಚಪ್ಪಟೆ. ಬೋಲ್ಟ್ ರೈಫಲಿನಲ್ಲಿ ಕೈಯಿಂದ ತುಂಬುವಾಗ ಅಡ್ಡಿಯಿಲ್ಲ. ಮ್ಯಾಗಜೀನಿನಿಂದ ಓಡಿಬಂದು ಚೇಂಬರ್ ಏರಬೇಕಾದ ಹಳೆಯ ಪಿಸ್ತೂಲಿನಲ್ಲಿ ದುಂಡು ಮೂತಿಯ ತೋಟೆಯೇ ಸಲೀಸು. ಮೂತಿ ಟೊಳ್ಳಾದ ಹಾಲೋ ಪಾಯಿಂಟ್ ಗುಂಡೂ ಹೀಗೇ ಕಿರಿಕಿರಿ ಮಾಡಬಹುದು. ಕಾಗದದ ಗುರಿಗೆ ಅದರ ಅಗತ್ಯವೂ ಇಲ್ಲ.

ಸ್ಟ್ಯಾಂಡರ್ಡ್ ಪಿಸ್ತೂಲು ಪಂದ್ಯದಲ್ಲಿ 60 ಈಡು. ಐದೈದರ ಸರಣಿ, ಮೊದಲು 150 ಸೆಕೆಂಡ್, ಆಮೇಲೆ 20, ಕೊನೆಗೆ 10. ಹತ್ತು ಸೆಕೆಂಡಿನಲ್ಲಿ ಐದು ಹೊಡೆಯುವಾಗ ಮೂರನೆಯದಕ್ಕೆ ಕೇಸು ಸಿಕ್ಕಿಹಾಕಿಕೊಂಡರೆ, ಗುಂಪು ಎಷ್ಟು ಚಿಕ್ಕದಿದ್ದು ಏನು ಪ್ರಯೋಜನ? ಆದ್ದರಿಂದ ನನ್ನ ಕ್ರಮ ಹೀಗೆ: ಮೊದಲು ನಡೆಯಬೇಕು, ಆಮೇಲೆ ಗುಂಪು, ಬೆಲೆ ಮೂರನೆಯದು.

ಶುರುಮಾಡಲು 40 ಗ್ರೇನ್, ದುಂಡು ಮೂತಿ, ಮೇಣ ಲೇಪಿತ ಸೀಸ, ಸ್ಟ್ಯಾಂಡರ್ಡ್ ವೆಲಾಸಿಟಿ. ಈ ಜಾತಿಯಲ್ಲಿ ಸಿಸಿಐ ಸ್ಟ್ಯಾಂಡರ್ಡ್, ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್, ಎಲಿಯ ಕ್ಲಬ್ ಮತ್ತು ಸ್ಪೋರ್ಟ್ ಬರುತ್ತವೆ. ಪಿಸ್ತೂಲ್ ಮ್ಯಾಚ್ ಅಂತ ಡಬ್ಬಿಯ ಮೇಲೆ ಬರೆದಿರುವ ಎಸ್‌ಕೆ, ಆರ್‌ಡಬ್ಲ್ಯೂಎಸ್ ತೋಟೆಗಳೂ ಇವೆ. ಸಿಕ್ಕರೆ ಅವನ್ನೂ ಪಟ್ಟಿಗೆ ಸೇರಿಸಿ. ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಯ .22 ತೋಟೆ ಅಭ್ಯಾಸಕ್ಕೆ ಬಳಸುವವರು ಬಹಳ. ಎನ್‌ಸಿಸಿಯಲ್ಲಿ ಇದ್ದವರಿಗೆ .22 ರೈಫಲ್ ನೆನಪಿರಬಹುದು. ಅದು ಪ್ರತಿಸಲ ಕೈಯಿಂದ ಬೋಲ್ಟ್ ಎಳೆಯುವ ರೈಫಲ್. ಅದರಲ್ಲಿ ಚೆನ್ನಾಗಿ ನಡೆದ ತೋಟೆ ನಿಮ್ಮ ಸೆಮಿ ಆಟೋ ಪಿಸ್ತೂಲಿನಲ್ಲಿಯೂ ನಡೆಯುತ್ತದೆ ಅಂತ ಹೇಳಲು ಬರುವುದಿಲ್ಲ. ದೇಶದ್ದಿರಲಿ, ಹೊರಗಿನದ್ದಿರಲಿ, ಒಂದೇ ಪರೀಕ್ಷೆ.

ಪರೀಕ್ಷೆ ಅಂದರೆ ಒಂದು ಮ್ಯಾಗಜೀನ್ ಹೊಡೆದು ತಲೆಯಾಡಿಸುವುದಲ್ಲ. ಪ್ರತಿ ಹೆಸರಿಗೆ ಒಂದು ಡಬ್ಬಿ, 50 ತೋಟೆ. ಶುರುವಿಗೆ ಪಿಸ್ತೂಲು ಚೊಕ್ಕವಾಗಿರಬೇಕು. ಬದಲಿಸುವಾಗ ಚೇಂಬರ್ ಮತ್ತು ನಳಿಗೆ ಒರೆಸಬೇಕು. ಹಿಂದಿನ ತೋಟೆಯ ಮೇಣ ನಳಿಗೆಯಲ್ಲಿ ಉಳಿದಿರುತ್ತದೆ, ಹೊಸದರ ಮೊದಲ ಕೆಲವು ಗುಂಡು ಅಲ್ಲಿ ಇಲ್ಲಿ ಹೋಗುತ್ತವೆ. ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದಷ್ಟನ್ನು ಪಂದ್ಯದ ವೇಗದಲ್ಲಿ, ಮಾಮೂಲಿ ಹಿಡಿತದಲ್ಲಿ ಹೊಡೆಯಿರಿ. ಹಿಡಿತ ಸಡಿಲವಾದರೂ ಸ್ಲೈಡ್ ಪೂರ್ತಿ ಹೋಗುವುದಿಲ್ಲ. ಒಂದಷ್ಟನ್ನು ಮರಳು ಚೀಲದ ಮೇಲೆ ಕೈಯಿಟ್ಟು ಹೊಡೆದು ಗುಂಪು ನೋಡಿ. ಏನು ತೊಂದರೆ ಬಂದಿತು, ಎಷ್ಟನೆಯ ಈಡಿಗೆ, ಯಾವ ಮ್ಯಾಗಜೀನಿನಲ್ಲಿ, ಎಲ್ಲಾ ಬರೆದಿಡಿ. ಸುಮ್ನೆ ನೆನಪಿನ ಮೇಲೆ ಬಿಟ್ಟರೆ ನಮಗೆ ಇಷ್ಟದ ಹೆಸರೇ ಗೆಲ್ಲುತ್ತದೆ.

ಈಡಿನ ಸದ್ದಿನ ಮೇಲೂ ಕಿವಿ ಇರಲಿ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಇದ್ದೇ ಇರಬೇಕು. ಆದರೂ ಪುಸ್ ಅನ್ನುವ ಮೆತ್ತಗಿನ ಸದ್ದು ಬಂದರೆ ಗೊತ್ತಾಗುತ್ತದೆ. ತಕ್ಷಣ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಇನ್ನೂ ಕೆಟ್ಟದ್ದೂ ಆಗಬಹುದು. ಖಾಲಿ ಕೇಸುಗಳನ್ನೂ ಎತ್ತಿ ನೋಡಿ. ತಳದ ಹತ್ತಿರ ಉಬ್ಬಿದ್ದರೆ ಅಥವಾ ಅಂಚು ಹರಿದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಸಿ, ಪಿಸ್ತೂಲು ತೋರಿಸಿ.

ನಮ್ಮಲ್ಲಿ ತೋಟೆ ಲೈಸೆನ್ಸಿನ ಲೆಕ್ಕದಲ್ಲೇ ಸಿಗುವುದು. ಹತ್ತು ಹೆಸರು ತಂದು ಪರೀಕ್ಷೆ ಮಾಡುತ್ತೇನೆ ಅಂದರೆ ಆಗುವ ಮಾತಲ್ಲ. ಸ್ನೇಹಿತನ ಡಬ್ಬಿಯಿಂದ ಮನೆಗೆ ಸಾಲ ತರುವುದೂ ಕಾನೂನಿಗೆ ಸರಿಯಲ್ಲ. ಹಾಗಾಗಿ ಎರಡು ಮೂರು ಹೆಸರಿಗೆ ಸೀಮಿತ ಮಾಡಿಕೊಳ್ಳಿ. ರೈಫಲ್ ಅಸೋಸಿಯೇಶನ್ ರೇಂಜಿನಲ್ಲಿ ಅದೇ ಮಾಡೆಲ್ ಪಿಸ್ತೂಲು ಇಟ್ಟವರನ್ನು ಕೇಳಿ ಶುರುಮಾಡಿ. ಅವರ ಅನುಭವ ನಿಮ್ಮ ಪಿಸ್ತೂಲಿಗೆ ಹಾಗೆಯೇ ಹೊಂದದಿರಬಹುದು, ಒಂದೇ ಮಾಡೆಲಿನ ಎರಡು ಪಿಸ್ತೂಲಿನ ಚೇಂಬರ್ ಒಂದೇ ತರ ಇರುವುದಿಲ್ಲ. ಆದರೂ ದಾರಿ ಹತ್ತಿರವಾಗುತ್ತದೆ. ಗೆದ್ದ ಡಬ್ಬಿಯ ಮೇಲಿನ ಲಾಟ್ ನಂಬರ್ ಗುರುತು ಹಾಕಿಕೊಂಡು, ಕೋಟಾ ಇರುವಷ್ಟು ಅದೇ ಲಾಟಿನಲ್ಲಿ ತೆಗೆದುಕೊಳ್ಳಿ. ಮುಂದಿನ ಲಾಟ್ ಬಂದಾಗ ಹೆಸರು ಅದೇ ಇದ್ದರೂ ಒಂದು ಡಬ್ಬಿ ಮತ್ತೆ ಹೊಡೆದು ನೋಡಬೇಕು.

ಇನ್ನು ನಮ್ಮ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿಟ್ಟ ಬೆಲ್ಟಿಗೂ ಬೂಸಲು ಬರುವ ಊರು ಇದು. .22 ತೋಟೆಯಲ್ಲಿ ಗುಂಡನ್ನು ಕೇಸಿನ ಬಾಯಿಗೆ ಒತ್ತಿ ಕೂರಿಸಿರುತ್ತಾರೆ ಅಷ್ಟೇ, ಬಿಗಿ ಸೀಲು ಅಂತ ಇರುವುದಿಲ್ಲ. ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಕಂಪನಿಯ ಮೂಲ ಪೆಟ್ಟಿಗೆಯಲ್ಲಿಯೇ ಇಡಿ. ಪೊಟ್ಟಣವನ್ನು ಆಗಾಗ ಬದಲಿಸಿ. ಅಟ್ಟದ ಮೇಲೆ ಬೇಡ. ಕೆಳಗೆ ಅಡಿಕೆ ಬೇಯಿಸುವ ಒಲೆಯ ಬಿಸಿಗೆ ಮೇಣ ಕರಗಿ ಒಂದು ಕಡೆ ಇಳಿಯುತ್ತದೆ. ಫ್ರಿಜ್ಜಿನಲ್ಲಂತೂ ಬೇಡವೇ ಬೇಡ, ಹೊರಗೆ ತೆಗೆದ ಕೂಡಲೇ ನೀರು ಕೂರುತ್ತದೆ. ಚರ್ಮದ ಚೀಲದಲ್ಲಿ ಬಿಟ್ಟರೆ ಹಿತ್ತಾಳೆಗೆ ಹಸಿರು ಕಿಲುಬು ಹತ್ತುತ್ತದೆ. ಸೀಸದ ಮೇಲೆ ಬಿಳಿ ಪುಡಿ ಕಂಡರೆ ಆ ತೋಟೆಯನ್ನು ಪಂದ್ಯಕ್ಕೆ ಒಯ್ಯಬೇಡಿ.

ತೋಟೆಗೆ ಎಣ್ಣೆ ಸವರುವವರನ್ನೂ ನೋಡಿದ್ದೇನೆ. ತುಕ್ಕು ಬಿಡಿಸುವ ತೆಳ್ಳನೆ ಎಣ್ಣೆ ಕೇಸಿನ ಬಾಯಿಯ ಸಂದಿಯಲ್ಲಿ ಇಳಿದು ಮದ್ದನ್ನೂ ಅಂಚಿನ ರಾಸಾಯನಿಕವನ್ನೂ ಸಾಯಿಸುತ್ತದೆ. ಚೇಂಬರಿನಲ್ಲಿ ಎಣ್ಣೆ ಉಳಿದರೂ ಕಷ್ಟ. ಕೇಸು ಚೇಂಬರಿನ ಗೋಡೆ ಹಿಡಿಯದೆ ಜಾರಿ, ಸ್ಲೈಡಿನ ಮೇಲೆ ಹೊಡೆತ ಜಾಸ್ತಿ ಬೀಳುತ್ತದೆ. ಪಿಸ್ತೂಲಿಗೆ ತೆಳುವಾಗಿ ಎಣ್ಣೆ, ತೋಟೆಗೆ ಏನೂ ಇಲ್ಲ. ರೇಂಜಿಗೆ ಹೋಗುವ ಮುಂಚೆ ನಳಿಗೆ, ಚೇಂಬರ್ ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿ.

ಎಲ್ಲಾ ಸರಿಯಿದ್ದು, ಎರಡು ಮೂರು ಹೆಸರೂ ನಡೆಯದಿದ್ದರೆ ತೋಟೆ ಬದಲಿಸುವುದನ್ನು ನಿಲ್ಲಿಸಿ. ಸ್ಪ್ರಿಂಗ್ ಬದಲಿಸಿ. ಹಳೆಯ ಪಿಸ್ತೂಲಿನಲ್ಲಿ ರಿಕಾಯಿಲ್ ಸ್ಪ್ರಿಂಗ್, ಹ್ಯಾಮರ್ ಸ್ಪ್ರಿಂಗ್, ಮ್ಯಾಗಜೀನ್ ಸ್ಪ್ರಿಂಗ್ ಮೂರೂ ಸವೆಯುವ ಭಾಗಗಳೇ. ಜಿಎಸ್‌ಪಿಯಂಥವುಗಳಲ್ಲಿ ಸ್ಲೈಡಿನ ಪೆಟ್ಟು ತಡೆಯಲು ಒಂದು ಬಫರ್ ಇರುತ್ತದೆ, ವಯಸ್ಸಾದಂತೆ ಅದು ಪುಡಿಪುಡಿಯಾಗುತ್ತದೆ. ಎಕ್ಸ್‌ಟ್ರಾಕ್ಟರ್ ಅನ್ನುವ ಕೊಕ್ಕೆಯ ತುದಿ ಮೊಂಡಾಗಿದ್ದರೆ ಖಾಲಿ ಕೇಸು ಚೇಂಬರಿನಲ್ಲೇ ಉಳಿಯುತ್ತದೆ. ಇವೆಲ್ಲಾ ಬದಲಿಸಿದ ಮೇಲೆ ಮೊದಲು ಸೋತ ತೋಟೆಯೇ ಮತ್ತೆ ಗೆಲ್ಲಬಹುದು, ಹಾಗಾಗಿ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು.

ಸಿಡಿಯದ ತೋಟೆಗಳಿಗೆ ಬೇರೆ ಡಬ್ಬಿ ಇಡಿ. ರೇಂಜಿನ ಅಧಿಕಾರಿಗೆ ತೋರಿಸಿ, ಲೆಕ್ಕ ಬರೆಸಿ ಒಪ್ಪಿಸಿ. ಅಡಿಕೆ ತೋಟದ ಗೊಬ್ಬರ ಗುಂಡಿಗೆ ಎಸೆಯುವುದು, ಒಲೆಗೆ ಹಾಕುವುದು ಬೇಡ. ಮನೆಗೆ ಬಂದ ಮೇಲೆ ಊಟಕ್ಕೆ ಕೂರುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ, ಬೆರಳಿಗೆ ಅಂಟಿರುವುದು ಸೀಸ.